ಕಲ್ಲುಗಣಿಯ ಪಿಕಪ್ಪು

ಹೆದರುವುದರಲ್ಲಿ ಅವಳನ್ನು ಮೀರಿಸುವವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಒಲೆ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ತಿರುಗಿ ಬರುವವಳು. ಬೇರೆಯವರು ಏಣಿ ಹತ್ತಿದರೆ ಕೆಳಗೆ ನಿಂತು ಏಣಿಯ ಕಾಲು ತಬ್ಬಿಕೊಳ್ಳುವವಳು. ಚಿಕ್ಕಂದಿನಲ್ಲೇ ಅಣ್ಣ ಅವಳಿಗೆ ‘ಪುಕ್ಕಲಿ’ ಎಂದು ಹೆಸರಿಟ್ಟಿದ್ದ. ನಲವತ್ತಾರು ತುಂಬಿದರೂ ಆ ಹೆಸರು ಉದುರಿರಲಿಲ್ಲ.

ಅಣ್ಣನದು ಹಳೆಯ ಗಾಡಿಗಳಿಗೆ ಮರುಜೀವ ಕೊಡುವ ಶೆಡ್ಡು. ಶೆಡ್ಡಿನ ಹಿಂಭಾಗದಲ್ಲಿ, ಕಿಟಕಿಯ ಬೆಳಕು ಬೀಳುವ ಕಡೆ, ತಂಗಿಯ ಹೊಲಿಗೆ ಯಂತ್ರ. ಅವನು ಇಂಜಿನ್ ಬಿಚ್ಚಿದರೆ ಇವಳು ಸೀಟು ಬಿಚ್ಚುತ್ತಿದ್ದಳು; ಹರಿದ ಹೊದಿಕೆಯನ್ನು ಅಳತೆಗಿಟ್ಟುಕೊಂಡು ಹೊಸದನ್ನು ಹೊಲಿಯುತ್ತಿದ್ದಳು. ಅಣ್ಣ ಯಾವಾಗ ಗಾಡಿಯ ಅಡಿಗೆ ಮಲಗಿ ಜಾರಿಕೊಂಡರೂ ಇವಳ ಯಂತ್ರ ನಿಲ್ಲುತ್ತಿತ್ತು. ಎದ್ದು ಬಂದು ಗಾಡಿಯನ್ನು ಎತ್ತಿ ಹಿಡಿದ ಸ್ಟ್ಯಾಂಡುಗಳನ್ನು ಒಂದೊಂದಾಗಿ ಅಲ್ಲಾಡಿಸಿ ನೋಡಿ, ಸಾಲದ್ದಕ್ಕೆ ಒಂದು ಹಳೆಯ ಚಕ್ರವನ್ನು ಚಾಸಿಸ್ಸಿನ ಕೆಳಗೆ ತಳ್ಳಿಯೇ ಮತ್ತೆ ಹೊಲಿಗೆಗೆ ಕೂರುತ್ತಿದ್ದಳು.

"ಇನ್ನೊಂದು ದಿಂಬೂ ತಂದಿಡೇ, ಗಾಡಿಗೆ ನಿದ್ದೆ ಚೆನ್ನಾಗಿ ಬರತ್ತೆ" ಎಂದು ಅವನು ಕೆಳಗಿನಿಂದ ನಗುತ್ತಿದ್ದ.

ಆ ವರ್ಷ ಶೆಡ್ಡಿನಲ್ಲಿದ್ದುದು ಎಪ್ಪತ್ತು ವರ್ಷದ ಒಂದು ಪಿಕಪ್ಪು. ಗುಂಡು ಮೂತಿ, ನಡುವೆ ಪಟ್ಟಿಯಿರುವ ಎರಡು ತುಂಡಿನ ಮುಂಗಾಜು. ಬೇಕರಿಯ ಯಜಮಾನಿಯೊಬ್ಬಳು ಅದನ್ನು ಬ್ರೆಡ್ಡು ಹಂಚಲು ತಯಾರು ಮಾಡಿಸುತ್ತಿದ್ದಳು. ಇಂಜಿನ್ನು ಓಡಿತು, ಬಣ್ಣವೂ ಮುಗಿಯಿತು. ಆದರೆ ಯಜಮಾನಿ ಒಂದು ಹಳೆಯ ಫೋಟೋ ತಂದು ಹಟ ಹಿಡಿದಿದ್ದಳು. ಫೋಟೋದಲ್ಲಿ ಅದೇ ಮಾದರಿಯ ಗಾಡಿ. ಮುಂಗಾಜಿನ ಮೇಲೆ, ಟೋಪಿಯ ಅಂಚಿನ ಹಾಗೆ ಚಾಚಿಕೊಂಡ ತಗಡಿನ ವೈಸರು. ಡ್ರೈವರನ ಪಕ್ಕದಲ್ಲಿ, ಒಳಗಿನ ಹಿಡಿಯಿಂದಲೇ ತಿರುಗಿಸಬಹುದಾದ ಸ್ಪಾಟ್‌ಲೈಟು. ಹಿಂದಿನ ಬಂಪರಿನ ಮೇಲೆ ಎರಡು ಕೊಂಬಿನಂಥ ಗಾರ್ಡು. "ಈ ಮೂರೂ ಬೇಕು. ಹೊಸದಾಗಿ ಮಾಡಿಸಿದ್ದು ಬೇಡ, ಆ ಕಾಲದ್ದೇ ಬೇಕು" ಎಂದಿದ್ದಳು.

ಐದು ತಿಂಗಳು ಹುಡುಕಿದರು. ಗುಜರಿ ಅಂಗಡಿಗಳಲ್ಲಿ ರಾಶಿ ಮಗುಚಿದರು, ಗೊತ್ತಿದ್ದ ಮೆಕ್ಯಾನಿಕ್ಕುಗಳಿಗೆಲ್ಲ ಫೋನು ಮಾಡಿದರು. ಒಂದು ಕಡೆ ವೈಸರು ಸಿಕ್ಕಿತು. ತಂದು ಹಿಡಿದು ನೋಡಿದರೆ ಬೇರೆ ಗಾಡಿಯದು, ಅಪ್ಪನ ಟೋಪಿ ಮಗುವಿಗೆ ಹಾಕಿದ ಹಾಗಿತ್ತು. ಕೊನೆಗೆ ಒಬ್ಬ ಗುಜರಿಯವನೇ ಹೇಳಿದ: ನಿಂತುಹೋದ ಒಂದು ಕಲ್ಲುಗಣಿಯಲ್ಲಿ ಅದೇ ಮಾದರಿಯ ಗಾಡಿಯಿದೆ, ಚಕ್ರಗಳನ್ನು ಬಿಟ್ಟರೆ ಮೈಮೇಲಿನ ಸಾಮಾನೆಲ್ಲ ಹಾಗೇ ಇದೆ, ಕಾವಲಿನ ತಾತನನ್ನು ಕೇಳಿದರೆ ಕೊಡುತ್ತಾನೆ.

ಬೆಳಗಿನ ಹತ್ತು ಗಂಟೆಗೆಲ್ಲ ಅಣ್ಣ ತಂಗಿ ಅಲ್ಲಿದ್ದರು. ಗಣಿಯ ಬಾಯಿಗೆ ಸರಪಳಿ ಕಟ್ಟಿತ್ತು. ತಮ್ಮ ವ್ಯಾನನ್ನು ಮೇಲೆಯೇ ನಿಲ್ಲಿಸಿ, ಸಾಮಾನಿನ ಪೆಟ್ಟಿಗೆಯನ್ನು ಇಬ್ಬರೂ ಹಿಡಿದುಕೊಂಡು ಇಳಿಜಾರಿನಲ್ಲಿ ಇಳಿದರು. ಕಾವಲಿನ ತಾತ ಮುಂದೆ ಮುಂದೆ ನಡೆದ. ನಲವತ್ತು ವರ್ಷ ಅದೇ ಗಣಿಯಲ್ಲಿ ಕಲ್ಲು ಸೀಳಿದವನು. ಸಿಡಿಮದ್ದಿನ ಸದ್ದಿಗೆ ಒಂದು ಕಿವಿ ಪೂರ್ತಿ ಹೋಗಿತ್ತು, ಇನ್ನೊಂದರಲ್ಲಿ ಕೂಗಿದರೆ ಕೇಳುತ್ತಿತ್ತು. ಕೆಳಗೆ ನಾಲ್ಕೂ ಕಡೆ ಕಡಿದ ಬಂಡೆಯ ಗೋಡೆ. ಫೋನಿನಲ್ಲಿ ಸಿಗ್ನಲ್ಲಿನ ಒಂದು ಗೆರೆಯೂ ಇಲ್ಲದ್ದನ್ನು ತಂಗಿ ಇಳಿಯುವಾಗಲೇ ನೋಡಿಕೊಂಡಳು.

ತಗಡಿನ ಮಾಡಿನ ಕೆಳಗೆ ಪಿಕಪ್ಪು ನಿಂತಿತ್ತು. ನಿಂತಿತ್ತು ಅನ್ನುವುದಕ್ಕಿಂತ ಕೂತಿತ್ತು ಅನ್ನಬೇಕು. ಚಕ್ರಗಳನ್ನು ಯಾರೋ ಬಿಚ್ಚಿಕೊಂಡು ಹೋಗಿ, ನಾಲ್ಕು ಮೂಲೆಗೂ ಕಲ್ಲಿನ ಗುಡ್ಡೆ ಪೇರಿಸಿ ಅದರ ಮೇಲೆ ಚಾಸಿಸ್ಸನ್ನು ಇಳಿಸಿದ್ದರು. ವೈಸರಿತ್ತು. ಸ್ಪಾಟ್‌ಲೈಟಿತ್ತು, ಗಾಜು ಕೂಡ ಒಡೆದಿರಲಿಲ್ಲ. ಹಿಂದೆ ಎರಡು ಗಾರ್ಡು. ಅಣ್ಣನ ಮುಖದ ತುಂಬ ಹಬ್ಬಿದ ನಗೆ ನೋಡಿ ತಂಗಿಗೂ ಖುಷಿಯಾಯಿತು. ಮರುಗಳಿಗೆ, ಅಭ್ಯಾಸಬಲದಿಂದ, ಅವಳು ಬಗ್ಗಿ ಕಲ್ಲುಗಳನ್ನು ನೋಡಿದಳು.

ಹಿಂದಿನ ಎಡಮೂಲೆಯ ಗುಡ್ಡೆಯಲ್ಲಿ ಕೆಳಗಿನಿಂದ ಎರಡನೆಯ ಕಲ್ಲಿಗೆ ಬಿರುಕು ಬಿಟ್ಟಿತ್ತು. ಕೂದಲೆಳೆಯಷ್ಟು. ಬಿರುಕಿನ ಬಾಯಲ್ಲಿ ಬಿಳಿ ಪುಡಿ.

ಅವಳು ಬಾಯಿ ತೆರೆಯುವಷ್ಟರಲ್ಲಿ ಅಣ್ಣ ತಾತನ ಕಿವಿಯ ಹತ್ತಿರ ಕೂಗಿ ಹೇಳುತ್ತಿದ್ದ: "ನೋಡಿ ತಾತ, ಶುರು ಮಾಡಿದ್ಲು ತಪಾಸಣೆ! ಇವಳ ಮಾತು ಕೇಳಿದ್ರೆ ನಾವು ನೆಲದ ಮೇಲೆ ನಡಿಯೋದೂ ಅಪಾಯ. ಹೆದರೋರ ಮೇಲೆ ಕಪ್ಪೆ ಎಸೆದ್ರು ಅಂತಾರಲ್ಲ, ಇವಳಿಗೆ ಕಪ್ಪೆನೂ ಬೇಡ, ಕಪ್ಪೆ ಅಂದ್ರೆ ಸಾಕು."

ತಾತ ಬೊಚ್ಚು ಬಾಯಲ್ಲಿ ನಕ್ಕ. ತಂಗಿಯ ಕಿವಿ ಬಿಸಿಯಾಯಿತು. ಪರಊರು, ಪರರ ಎದುರು. ಯಾವತ್ತೂ ಮುಚ್ಚದ ಬಾಯನ್ನು ಅವಳು ಅವತ್ತು ಮುಚ್ಚಿಕೊಂಡಳು.

ವೈಸರು ಬಿಚ್ಚಲು ಒಂದು ಗಂಟೆ ಹಿಡಿಯಿತು. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು, ಕಾದು, ಮತ್ತೆ ಎಣ್ಣೆ ಬಿಟ್ಟು, ಅಣ್ಣ ಒಂದೊಂದನ್ನೂ ಮಗುವಿನ ಹಲ್ಲು ಕೀಳುವಂತೆ ಬಿಡಿಸಿದ. ಸ್ಪಾಟ್‌ಲೈಟು ಅಷ್ಟು ಕಾಡಲಿಲ್ಲ. ತಂಗಿ ಎರಡನ್ನೂ ಹಳೆಯ ಕಂಬಳಿಯಲ್ಲಿ ಸುತ್ತಿ ದೂರ ಇಟ್ಟು ಬಂದಳು. ಉಳಿದದ್ದು ಗಾರ್ಡು. ಅದರ ಬೋಲ್ಟು ಅಡಿಯಿಂದ, ಚಾಸಿಸ್ಸಿಗೆ ಸೇರಿಸಿ ಬಿಗಿದದ್ದು. ಅಣ್ಣ ಗೋಣಿ ಹಾಸಿಕೊಂಡು ಹಿಂದಿನಿಂದ ಅಡಿಗೆ ಜಾರಿದ. ಸೊಂಟದ ತನಕ ಮರೆಯಾದ.

"ಅಣ್ಣಾ..." ಎಂದಳು ಅವಳು.

"ಏನೇ?"

"ಏನಿಲ್ಲ. ಬೇಗ ಮುಗಿಸು."

ಬೋಲ್ಟು ಜಗ್ಗಲಿಲ್ಲ. ಅವನು ಸ್ಪ್ಯಾನರಿನ ಹಿಡಿಗೆ ಉದ್ದನೆಯ ಕೊಳವೆ ಸಿಕ್ಕಿಸಿ ಮೈಭಾರ ಹಾಕಿ ಎಳೆದ. ಗಾಡಿ ಕಿರ್ ಎಂದಿತು. ಇನ್ನೊಮ್ಮೆ ಎಳೆದ. ಒಣಗಿದ ರೊಟ್ಟಿ ಮುರಿದಂಥ ಒಂದು ಸದ್ದು, ಅಷ್ಟೆ. ಎಡಮೂಲೆಯ ಗುಡ್ಡೆ ಉರುಳಿ, ಪಿಕಪ್ಪಿನ ಹಿಂಭಾಗ ಒಂದು ಸಲ ಓಲಾಡಿ, ಧೊಪ್ಪನೆ ಕೆಳಗೆ ಬಂತು.

ಧೂಳು. ಧೂಳಿನಲ್ಲಿ ಅಣ್ಣನ ಎರಡು ಕಾಲು. ಅವು ಅಲ್ಲಾಡುತ್ತಿರಲಿಲ್ಲ.

ಅವಳಿಗೆ ಕೂಗಲೂ ಆಗಲಿಲ್ಲ. ಮಂಡಿಯೂರಿ ನೆಲಕ್ಕೆ ಕೆನ್ನೆ ಹಚ್ಚಿ ಒಳಗೆ ನೋಡಿದಳು. ಚಾಸಿಸ್ಸಿನ ಕಬ್ಬಿಣದ ಪಟ್ಟಿ ಅವನ ಎಡಭುಜದ ಮೇಲೆ, ಎದೆಗೆ ಅಡ್ಡಲಾಗಿ ಕೂತಿತ್ತು. ಚಕ್ರ ಇರಬೇಕಾದ ಜಾಗದ ಬ್ರೇಕ್ ಡ್ರಮ್ಮು ಉರುಳಿದ ಒಂದು ಕಲ್ಲಿಗೆ ಬಡಿದು ನಿಂತಿತ್ತು. ಇಲ್ಲದಿದ್ದರೆ ಪಟ್ಟಿ ಪೂರ್ತಿ ಇಳಿಯುತ್ತಿತ್ತು. ಅಣ್ಣನ ಕಣ್ಣು ತೆರೆದಿದ್ದವು.

"ಪುಟ್ಟೀ" ಎಂದ. ಎಷ್ಟೋ ವರ್ಷದಿಂದ ಅವನು ಅವಳನ್ನು ಹಾಗೆ ಕರೆದಿರಲಿಲ್ಲ. "ಉಸಿರು... ಸ್ವಲ್ಪ ಸ್ವಲ್ಪನೇ... ಬರ್ತಿದೆ."

ತಾತ ಆಗಲೇ ಇಳಿಜಾರು ಹತ್ತುತ್ತಿದ್ದ. "ಮೇಲೆ ಆಫೀಸಲ್ಲಿ ಫೋನಿದೆ, ಆಂಬುಲೆನ್ಸಿಗೆ ಹೇಳಿ ಬರ್ತೀನಿ! ಗಾಡಿ ಮುಟ್ಟಬೇಡ ಮಗಳೇ!" ಎಂಬ ಅವನ ಕೂಗು ಬಂಡೆಗೆ ಬಡಿದು ಎರಡೆರಡು ಸಲ ಕೇಳಿಸಿತು. ಅವಳಿಗೆ ತಮ್ಮ ಜಾಕಿನ ನೆನಪಾಯಿತು. ಅದಿದ್ದುದು ಮೇಲಿನ ವ್ಯಾನಿನಲ್ಲಿ. ವ್ಯಾನಿನ ಬೀಗದ ಕೈ ಅಣ್ಣನ ಪ್ಯಾಂಟಿನ ಜೇಬಿನಲ್ಲಿ, ಅವನ ಸೊಂಟದಡಿ. ಸಿಕ್ಕಿದರೂ ಅವನನ್ನು ಒಬ್ಬನೇ ಬಿಟ್ಟು ಹೋಗುವುದು ಹೇಗೆ?

ಆಗಲೇ ಅವಳಿಗೆ ಇನ್ನೊಂದು ಸದ್ದು ಕೇಳಿಸಿದ್ದು. ಸರ್... ಸರ್... ಎಂದು, ಮೊರದಲ್ಲಿ ರವೆ ಜಾರಿದ ಹಾಗೆ. ಹಿಂದಿನ ಬಲಮೂಲೆಯ ಗುಡ್ಡೆ ವಾಲಿ ನಿಂತಿತ್ತು. ಅದರ ಸಂದಿನಿಂದ ಪುಡಿ ಸುರಿಯುತ್ತಿತ್ತು. ಅದೂ ಹೋದರೆ ಇಡೀ ಗಾಡಿಯ ಭಾರ ಅಣ್ಣನ ಎದೆಯ ಮೇಲೆ.

ಸುತ್ತಲೂ ಕಲ್ಲಿಗೇನು ಬರವಿರಲಿಲ್ಲ. ಪುಸ್ತಕದ ಹಾಗೆ ಚಪ್ಪಟೆಯಾಗಿ ಸೀಳಿ, ಒಯ್ಯುವವರಿಲ್ಲದೆ ಬಿಟ್ಟುಹೋದ ಚಪ್ಪಡಿಗಳು ರಾಶಿಗಟ್ಟಲೆ ಬಿದ್ದಿದ್ದವು. ಅವಳು ಒಂದೊಂದನ್ನೇ ಎದೆಗವುಚಿಕೊಂಡು ತಂದಳು. ಆದರೆ ಅವನ್ನು ಇಡಬೇಕಾದದ್ದು ಚಾಸಿಸ್ಸಿನ ಕೆಳಗೆ, ಅಣ್ಣನ ಪಕ್ಕದಲ್ಲಿ. ಹೊರಗಿನಿಂದ ತಳ್ಳಿದರೆ ತಲುಪುವುದಿಲ್ಲ. ಅಡಿಗೆ ಹೋಗಲೇಬೇಕು.

ಮುಂದೆ ಎಷ್ಟೋ ಜನ ಅವಳನ್ನು, ಆಗ ಧೈರ್ಯ ಎಲ್ಲಿಂದ ಬಂತಮ್ಮಾ ಎಂದು ಕೇಳಿದರು. ಬಂದಿರಲೇ ಇಲ್ಲ. ಅವಳು ನಡುಗುತ್ತಲೇ ಹೊಟ್ಟೆಯ ಮೇಲೆ ತೆವಳಿದಳು. ಹಲ್ಲು ಕಟಕಟ ಎನ್ನುತ್ತಿದ್ದುದು ಅಣ್ಣನಿಗೂ ಕೇಳಿಸುತ್ತಿತ್ತು. ಕಬ್ಬಿಣ ಅವಳ ಬೆನ್ನಿಗೆ ತಾಗುತ್ತಿತ್ತು. ಒಂದು ಚಪ್ಪಡಿ ಇಟ್ಟಳು. ಹಿಂದಕ್ಕೆ ತೆವಳಿ ಇನ್ನೊಂದು ತಂದಳು. ಅದರ ಮೇಲೆ ಮತ್ತೊಂದು. ಕೊನೆಯ ಸಂದಿಗೆ ಚಪ್ಪಡಿ ಹಿಡಿಸದೆ, ತನ್ನ ಒಂದು ಶೂ ಕಳಚಿ ತುರುಕಿದಳು.

"ಹೊರಗೆ ಹೋಗೇ" ಎಂದ ಅಣ್ಣ. "ಇಬ್ರೂ... ಹೋಗೋದು ಬೇಡ."

"ಸುಮ್ನಿರು. ಮಾತಾಡ್ಬೇಡ."

"ಅತ್ತಿಗೆಗೆ..."

"ಅತ್ತಿಗೆಗೆ ನೀನೇ ಹೇಳ್ಕೋ. ನಾನೇನೂ ಹೇಳಲ್ಲ. ನಂಗೆ ಅವಳನ್ನ ಕಂಡ್ರೂ ಭಯ."

ಅವನು ನಕ್ಕನೋ ಏನೋ, ಬಾಯಿಂದ ಗಾಳಿ ಬಂತು. ಆಮೇಲೆ ಅವನು ಮಾತಾಡಲಿಲ್ಲ. ಅವನ ತುಟಿ ನೀಲಿ ತಿರುಗುತ್ತಿರುವುದನ್ನು ಅವಳು ಒಂದು ಮೊಳ ದೂರದಿಂದ ನೋಡುತ್ತಾ ಇದ್ದಳು.

ತಾತ ಏದುಸಿರು ಬಿಡುತ್ತಾ ಬಂದ. "ಬರ್ತಾರಂತೆ. ಎರಡೆರಡು ಸಲ ಕೂಗಿಸ್ಕೊಂಡು ಕೇಳಿದೆ, ಮುಕ್ಕಾಲು ಗಂಟೆ ಆಗತ್ತಂತೆ."

"ಮುಕ್ಕಾಲು ಗಂಟೆ ತಡೆಯಲ್ಲ ತಾತ!" ಅವಳು ಹೊರಗೆ ತೆವಳಿ ಬಂದು ಅವನ ಒಳ್ಳೆಯ ಕಿವಿಗೆ ಬಾಯಿಟ್ಟು ಕಿರುಚಿದಳು. "ಉಸಿರಾಡೋಕೆ ಆಗ್ತಿಲ್ಲ!"

ತಾತ ಒಮ್ಮೆ ಗಾಡಿಯ ಸುತ್ತ ನಡೆದ. ಅವಳು ಪೇರಿಸಿದ ಚಪ್ಪಡಿಗಳನ್ನು ಬಗ್ಗಿ ನೋಡಿದ, ವಾಲಿದ ಗುಡ್ಡೆಯನ್ನು ನೋಡಿದ. ಮಾಡಿನ ಮೂಲೆಯಿಂದ ತನಗಿಂತ ಉದ್ದದ ಒಂದು ಹಾರೆ ಎಳೆದುಕೊಂಡು ಬಂದ. "ಇದಕ್ಕಿಂತ ದೊಡ್ಡ ಬಂಡೆನ ಎತ್ತಿದೀನಿ. ಒಂದೇ ಸಲಕ್ಕೆ ಎತ್ತಬಾರದು. ಬೆರಳಷ್ಟು ಎತ್ತಬೇಕು, ಕಲ್ಲು ಕೊಡಬೇಕು, ಮತ್ತೆ ಬೆರಳಷ್ಟು. ಕಲ್ಲು ಕೊಡೋರು ಒಳಗಿರಬೇಕು."

"ನಾನಿರ್ತೀನಿ. ಆದ್ರೆ ಏನಾದ್ರೂ ಆದ್ರೆ ನಾನು ನಿಲ್ಸಿ ಅಂದದ್ದು ನಿಮಗೆ ಕೇಳಲ್ವಲ್ಲ?"

ತಾತ ಯೋಚಿಸಿದ. "ನಿನ್ನ ಕಾಲು ಹೊರಗಿರತ್ತೆ. ಬರಿಗಾಲು ಅಲ್ಲಾಡಿಸಿದ್ರೆ ನಿಲ್ಲಿಸ್ತೀನಿ. ಶೂ ಇರೋ ಕಾಲು ಅಲ್ಲಾಡಿಸಿದ್ರೆ ಎತ್ತುತೀನಿ. ಮರೀಬೇಡ."

ಹೀಗೆ ಅವಳು ಎರಡನೆಯ ಸಲ ಅಡಿಗೆ ಹೋದಳು. ಹಾರೆಯ ತುದಿ ಚಾಸಿಸ್ಸಿನ ಕೆಳಗೆ ಕಚ್ಚಿಕೊಂಡ ಸದ್ದು ಕೇಳಿಸಿತು. ಅವಳು ಶೂವಿನ ಕಾಲು ಅಲ್ಲಾಡಿಸಿದಳು. ಕಬ್ಬಿಣ ಮುಲುಗಿತು. ಬೆರಳಷ್ಟು ಬೆಳಕು ಕಾಣಿಸಿತು. ಸಂದಿಗೆ ತುರುಕಿದ್ದ ಶೂ ಕಿತ್ತೆಸೆದು ಆ ಜಾಗಕ್ಕೆ ಚಪ್ಪಡಿ ತಳ್ಳಿದಳು. ಮತ್ತೆ ಕಾಲು. ಮತ್ತೆ ಬೆರಳಷ್ಟು. ಮೂರನೆಯ ಸಲಕ್ಕೆ ಬಲಗಡೆಯ ಗುಡ್ಡೆಯಿಂದ ಒಂದು ಹಿಡಿ ಕಲ್ಲು ಉದುರಿ ಅವಳ ಕುತ್ತಿಗೆಯ ಮೇಲೆ ಬಿತ್ತು. ಬರಿಗಾಲನ್ನು ಹುಚ್ಚು ಹಿಡಿದವಳ ಹಾಗೆ ಬಡಿದಳು. ಹಾರೆ ನಿಂತಿತು. ಎಲ್ಲವೂ ನಿಂತಿತು. ತಾತ ಮೇಲಕ್ಕೂ ಎತ್ತದೆ, ಕೆಳಕ್ಕೂ ಬಿಡದೆ, ಹಾಗೇ ಹಿಡಿದಿದ್ದ. ಎಪ್ಪತ್ತೆಂಟು ವರ್ಷದ ಮುದುಕ ಎಷ್ಟು ಹೊತ್ತು ಹಿಡಿದಾನು? ಅವಳು ಕಣ್ಣು ಮುಚ್ಚಿ ಹತ್ತರ ತನಕ ಎಣಿಸಿದಳು. ಏನೂ ಬೀಳಲಿಲ್ಲ. ಚಪ್ಪಡಿ ತಳ್ಳಿ, ಶೂವಿನ ಕಾಲು ಅಲ್ಲಾಡಿಸಿದಳು.

ಐದನೆಯ ಸಲಕ್ಕೆ ಅಣ್ಣನ ಎದೆ ಮೇಲೆದ್ದು ಇಳಿಯಿತು. ಬಾವಿಯಿಂದ ಮೇಲೆ ಬಂದವನ ಹಾಗೆ ಅವನು ದೊಡ್ಡದಾಗಿ ಉಸಿರೆಳೆದ. ಇಬ್ಬರೂ ಸೇರಿ ಅವನನ್ನು ಗೋಣಿಯ ಸಮೇತ ಕಾಲು ಹಿಡಿದು ಹೊರಗೆಳೆದರು. ನೋವಿಗೆ ಅವನು ಕಿರುಚಿದ. ಅಷ್ಟು ಚೆಂದದ ಕಿರುಚಾಟವನ್ನು ಅವಳು ಜನ್ಮದಲ್ಲಿ ಕೇಳಿರಲಿಲ್ಲ. ಬಲಗಡೆಯ ಗುಡ್ಡೆ ಕುಸಿದದ್ದು ಅದಾದ ಸ್ವಲ್ಪ ಹೊತ್ತಿಗೆ, ಆಂಬುಲೆನ್ಸಿನವರು ಅವನನ್ನು ಮೇಲಕ್ಕೆ ಹೊರುತ್ತಿದ್ದಾಗ. ಸದ್ದಿಗೆ ಯಾರೂ ತಿರುಗಿ ನೋಡಲಿಲ್ಲ, ಅವಳೊಬ್ಬಳು ನೋಡಿದಳು.

ಕಾಲರ್ ಮೂಳೆ, ಮೂರು ಪಕ್ಕೆಲುಬು, ಭುಜದ ಕೀಲು. ಶ್ವಾಸಕೋಶಕ್ಕೆ ಪೆಟ್ಟಾಗಿದೆಯೇ ಎಂದು ತಿಳಿಯಲು ಸಂಜೆಯ ತನಕ ಕಾಯಬೇಕಾಯಿತು. ಆಸ್ಪತ್ರೆಯ ಬೆಂಚಿನ ಮೇಲೆ ಅವಳು ಒಂದೇ ಶೂ ಹಾಕಿಕೊಂಡು ಕೂತಿದ್ದಳು. ಅತ್ತಿಗೆ ಬಂದು ಎದುರು ನಿಂತಳು.

"ನೀನು ಜೊತೆಗಿದ್ದೀಯ ಅಂತ ನಾನು ಧೈರ್ಯವಾಗಿದ್ದೆ" ಎಂದಳು ಅತ್ತಿಗೆ ಅಳುತ್ತಾ. "ನೀನು ನೋಡದೆ ಅವರು ಕೆಳಗೆ ಹೋಗಲ್ವಲ್ಲ."

ಅದು ಬೈಗುಳವಾಗಿರಲಿಲ್ಲ. ಬೈದಿದ್ದರೆ ವಾಸಿಯಿತ್ತು. ಆ ಮಾತು ತಂಗಿಯ ಎದೆಯಲ್ಲಿ ಮುಳ್ಳು ಮುರಿದ ಹಾಗೆ ಉಳಿದುಹೋಯಿತು.

ಅಣ್ಣ ಮನೆಗೆ ಬಂದ. ಕೈಯನ್ನು ಎದೆಗೆ ಕಟ್ಟಿಕೊಂಡು ಶೆಡ್ಡಿಗೂ ಬಂದ, ಕುರ್ಚಿ ಹಾಕಿ ಕೂತ. ಎಡಗೈ ಭುಜಕ್ಕಿಂತ ಮೇಲೆ ಇನ್ನು ಏಳುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಕಂಬಳಿಯಲ್ಲಿ ಸುತ್ತಿದ್ದ ವೈಸರು, ಸ್ಪಾಟ್‌ಲೈಟು ಹಾಗೇ ಇದ್ದವು. ತಾತನೇ ಬಸ್ಸಿನಲ್ಲಿ ತಂದುಕೊಟ್ಟು ಹೋಗಿದ್ದ.

"ನಾನು ಕೂರಿಸ್ತೀನಿ" ಎಂದಳು ತಂಗಿ. "ನೀನು ಹೇಳ್ತಾ ಹೋಗು."

ವೈಸರನ್ನು ತಂತಿಬ್ರಷ್ಷಿನಿಂದ ಉಜ್ಜಿ, ಬಣ್ಣ ಹೊಡೆದು, ಗಾಜಿನ ಮೇಲಿನ ಅಂಚಿಗೆ ರಬ್ಬರಿನ ಪಟ್ಟಿ ಕೊಟ್ಟು ಕೂರಿಸಲು ಎರಡು ದಿನವಾಯಿತು. ಸ್ಪಾಟ್‌ಲೈಟು ಕಷ್ಟದ್ದು. ಗಾಜಿನ ಪಕ್ಕದ ಕಂಬಕ್ಕೆ ಓರೆಯಾಗಿ ತೂತು ಕೊರೆಯಬೇಕು. ಒಂದು ಗೆರೆ ತಪ್ಪಿದರೆ ಗಾಜು ಹೋಗುತ್ತದೆ, ಇಲ್ಲವೇ ಹಿಡಿ ಸ್ಟೀರಿಂಗಿಗೆ ಬಡಿಯುತ್ತದೆ. ಅಣ್ಣ ಕುರ್ಚಿಯಿಂದ, "ಸ್ವಲ್ಪ ಕೆಳಗೆ... ಹಾಂ, ಈಗ ಒತ್ತು" ಎನ್ನುತ್ತಿದ್ದ. ಅವಳು ಒತ್ತಲಿಲ್ಲ. ಡ್ರಿಲ್ಲು ಕೆಳಗಿಟ್ಟಳು.

"ಅಣ್ಣ, ಒಂದು ಮಾತು. ಆ ಕಲ್ಲಿಗೆ ಬಿರುಕಿತ್ತು. ನಾನು ನೋಡಿದ್ದೆ."

ಗಾಡಿಯ ಅಡಿಯಲ್ಲಿ ತೆವಳಿದಾಗ ಆದದ್ದಕ್ಕಿಂತ ಹೆಚ್ಚು ಭಯ ಅವಳಿಗೆ ಈಗ ಆಗುತ್ತಿತ್ತು. ಇವನು ಎದ್ದು ಹೋದರೆ? ಇನ್ನು ಮಾತೇ ಬಿಟ್ಟರೆ?

"ಹೇಳಬೇಕಿತ್ತು. ನೀನು ತಾತನ ಮುಂದೆ ನಗಾಡಿದೆ ಅಂತ ಸುಮ್ನಾದೆ."

ಅಣ್ಣ ತನ್ನ ಕಟ್ಟಿದ ಕೈಯನ್ನು ನೋಡಿಕೊಂಡ.

"ನಾನೂ ನೋಡಿದ್ದೆ ಕಣೇ."

"ಏನು?"

"ನಿನಗಿಂತ ಮೊದಲೇ. ಅದಕ್ಕೇ ಅಷ್ಟು ಜೋರಾಗಿ ತಮಾಷೆ ಮಾಡಿದ್ದು. ನೀನು ಬಾಯಿ ಬಿಟ್ರೆ ನಾನು ಮೇಲೆ ಹೋಗಿ ಜಾಕು, ಸ್ಟ್ಯಾಂಡು ಎಲ್ಲ ಹೊತ್ತು ತರಬೇಕಿತ್ತು. ಅಷ್ಟು ದೂರ ಯಾರು ಹತ್ತುತಾರೆ ಅನ್ನಿಸ್ತು." ಅವನ ಗಲ್ಲ ಅದುರಿತು. "ಈಗ ಮಲಗಿದ್ರೆ ಮನೆ ಸೂರೇ ಇಳಿದು ಬಂದ ಹಾಗಾಗತ್ತೆ. ಮಂಚದ ಪಕ್ಕ ಕೂತೇ ನಿದ್ದೆ ಮಾಡ್ತೀನಿ. ನಿಮ್ಮ ಅತ್ತಿಗೆಗೆ ಬೆನ್ನು ನೋವು ಅಂತ ಹೇಳಿದೀನಿ."

ತಂಗಿಗೆ ಸಿಟ್ಟು ಬಂತು. ಅವನ ಕೆನ್ನೆಗೆ ಒಂದು ಬಾರಿಸಬೇಕೆನ್ನಿಸಿತು. ಆದರೆ ಅವನ ಕಣ್ಣಲ್ಲಿದ್ದುದನ್ನು ಅವಳು ಹುಟ್ಟಿದಾಗಿನಿಂದ ಬಲ್ಲವಳು. ಅದರ ಜೊತೆ ಹೇಗೆ ಬಾಳುವುದೆಂದು ಅವನಿಗೆ ಇನ್ನೂ ಗೊತ್ತಿರಲಿಲ್ಲ. ಅವಳು ಸಿಟ್ಟನ್ನು ಹಾಗೇ ಇಟ್ಟುಕೊಂಡು, ಡ್ರಿಲ್ಲು ಎತ್ತಿಕೊಂಡಳು.

"ಸರಿ, ಹೇಳು. ಸ್ವಲ್ಪ ಕೆಳಗೇನಾ?"

"ಇನ್ನೂ ಸ್ವಲ್ಪ. ನಿಧಾನ."

ತೂತು ಸರಿಯಾಗಿ ಬಿತ್ತು.

ಗಾರ್ಡಿಗಾಗಿ ಅವರು ಮತ್ತೆ ಗಣಿಗೆ ಹೋಗಲಿಲ್ಲ. ಬೇಕರಿಯ ಯಜಮಾನಿಗೆ ಫೋನು ಮಾಡಿ, ಅದೊಂದು ಸಿಗಲಿಲ್ಲ ಎಂದರು. ಗಣಿಯಲ್ಲಿ ನಡೆದದ್ದು ಅವಳಿಗೆ ತಿಳಿದಿತ್ತು; ಇದ್ದಷ್ಟೇ ಸಾಕು ಎಂದಳು.

ಗಾಡಿ ಒಪ್ಪಿಸುವ ದಿನ ಸ್ಟೀರಿಂಗು ಹಿಡಿದವಳು ತಂಗಿ, ಪಕ್ಕದಲ್ಲಿ ಅಣ್ಣ. ಊರು ದಾಟಿ ಬಯಲಿಗೆ ಬಂದದ್ದೇ ಗಾಳಿ ವೈಸರಿಗೆ ಸಿಕ್ಕಿ ಹೂಂ ಎಂದು ಗುನುಗಿತು.

"ಏನದು?" ಎಂದರು ಇಬ್ಬರೂ ಒಟ್ಟಿಗೆ.

ಗಾಡಿ ನಿಲ್ಲಿಸಿ ಇಳಿದರು. ಒಂದೊಂದು ಸ್ಕ್ರೂ ಮುಟ್ಟಿ ನೋಡಿದರು. ಎಲ್ಲ ಬಿಗಿಯಾಗಿತ್ತು. ಹತ್ತಿ ಹೊರಟರು. ಸೇತುವೆಯ ಮೇಲೆ ಸ್ಪಾಟ್‌ಲೈಟಿನ ಹಿಡಿ ಟಕ್ ಎಂದಿತು, ಮತ್ತೆ ಇಳಿದರು. ಲಾರಿಯೊಂದು ಹಾದುಹೋದಾಗ ಇನ್ನೊಮ್ಮೆ. ನಾಲ್ಕನೆಯ ಸಲ ನಿಲ್ಲಿಸಲು ಹೇಳಿದ್ದು ಅಣ್ಣ. ಯಾಕೆ ಎಂದರೆ ಅವನಿಗೇ ಗೊತ್ತಿರಲಿಲ್ಲ. ಅವಳು ರಸ್ತೆಯಂಚಿಗೆ ಗಾಡಿ ತಂದು, ಇಂಜಿನ್ನು ಆರಿಸಿ, ಅವನ ಉಸಿರು ಸರಿಹೋಗುವ ತನಕ ಸುಮ್ಮನೆ ಕೂತಿದ್ದಳು.

ಅರ್ಧ ಗಂಟೆಯ ದಾರಿಗೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ಬೇಕರಿಯ ಯಜಮಾನಿ ಬಾಗಿಲಲ್ಲೇ ಕಾಯುತ್ತಿದ್ದಳು.

"ಏನು ಇಷ್ಟು ತಡ? ದಾರಿಯಲ್ಲಿ ಕೆಟ್ಟು ನಿಂತಿತಾ?"

"ಗಾಡಿಗೆ ಏನೂ ಆಗಿಲ್ಲ" ಎಂದ ಅಣ್ಣ, ಬಲಗೈಯಿಂದ ಬಾಗಿಲು ತೆಗೆದು ಇಳಿಯುತ್ತಾ. "ನಾವೇ ನಿಂತ್ಕೊಂಡು ನಿಂತ್ಕೊಂಡು ಬಂದ್ವಿ."